ಫಕೀರವ್ವನ ಮೊದಲ ಸುತ್ತು

ಆಷಾಢದ ಗಾಳಿ ಬೀಸುವ ದಿನಗಳು. ಬೆಳಗಿನ ಚಾ ಒಲೆಯಿಂದ ಇಳಿಸುವ ಹೊತ್ತು, ಬಿಸಿಲು ಇನ್ನೂ ರೈಲ್ವೆ ವರ್ಕ್‌ಶಾಪಿನ ತಗಡುಗಳ ಮೇಲೆ ಬಿದ್ದಿರಲಿಲ್ಲ. ಹುಬ್ಬಳ್ಳಿಯ ಹಗ್ಗದ ಓಣಿಗೆ ತುಳಿಬೀಗಗಳು ಬಂದದ್ದು ಆವಾಗ. ಚಕ್ರಮಂಡಳಿಯ ಬಂಡಿ ಓಣಿಯ ಬಾಯಿಗೆ ನಿಂತು, ಸೈಕಲ್ಲಿಗೊಂದರಂತೆ ಡಬ್ಬಿ ಕೊಟ್ಟು, ಹೇಳಬೇಕಾದ್ದನ್ನು ಮೈಕಿನಲ್ಲಿ ಹೇಳಿ ಮುಂದಿನ ಓಣಿಗೆ ಹೋಯಿತು. ಅದು ಹೇಳಿದ್ದು ಎಲ್ಲರಿಗೂ ಕೇಳಿಸಿತ್ತು. ಹಾಗಿದ್ದರೂ ತಪ್ಪಾಯಿತು.

ಊರೊಳಗೆ ಪೆಟ್ರೋಲಿನ ಗಾಡಿಗಳನ್ನು ನಿಲ್ಲಿಸಿ ಆಗ ಬಹಳ ವರ್ಷವಾಗಿತ್ತು. ದುರ್ಗದ ಬೈಲಿನಿಂದ ಸ್ಟೇಶನ್ನಿನ ತನಕ ಎಲ್ಲಿ ನೋಡಿದರೂ ಸೈಕಲ್ಲು. ಮೊದಮೊದಲು ಜನ ಹಿಗ್ಗಿದರು, ಹೊಗೆಯಿಲ್ಲ, ಸಪ್ಪಳವಿಲ್ಲ. ಆಮೇಲೆ ಸೈಕಲ್ಲಿನದೇ ಕಾಟ ಶುರುವಾಯಿತು. ಅಂಗಡಿಯ ಬಾಗಿಲಿಗೆ ಅಡ್ಡ ನಿಲ್ಲಿಸುವುದು, ಗುಡಿಯ ಮೆಟ್ಟಿಲಿಗೆ ಒರಗಿಸುವುದು, ನಾಲ್ಕು ಜನ ಹೆಗಲಿಗೆ ಹೆಗಲು ಕೊಟ್ಟು ಮಾತಾಡುತ್ತ ಹೊರಟು ಹಿಂದಿನವರಿಗೆ ದಾರಿ ಕೊಡದಿರುವುದು. ಹೆಣ ಒಯ್ಯಲಿಕ್ಕೂ ದಾರಿಯಿಲ್ಲದ ಹಾಗಾಯಿತು. ಅದಕ್ಕೇ ಚಕ್ರಮಂಡಳಿ ಹುಟ್ಟಿತು, ಕಾಯಿದೆಗಳನ್ನು ಮಾಡಿತು. ಎಡಕ್ಕೇ ಹೋಗಬೇಕು. ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಬಿಳಿ ಗೆರೆಯೊಳಗೇ ನಿಲ್ಲಿಸಬೇಕು. ಕತ್ತಲಾದ ಮೇಲೆ ದೀಪ ಬೇಕು.

ಓಣಿಯ ಹಿರಿಯ ಯಮನೂರಪ್ಪಜ್ಜನಿಗೆ ಇದೇನೂ ಹೊಸದೆನಿಸಲಿಲ್ಲ. ತನ್ನ ಅಪ್ಪನ ಕಾಲದಲ್ಲಿ ಮುನಸಿಪಾಲ್ಟಿಯವರು ಸೈಕಲ್ಲಿಗೆ ಬಿಲ್ಲೆ ಕೊಡುತ್ತಿದ್ದರು, ದೀಪವಿಲ್ಲದೆ ಸಿಕ್ಕವನ, ಡಬಲ್ ಕೂರಿಸಿಕೊಂಡವನ ಗಾಲಿಯ ಗಾಳಿಯನ್ನು ಪೊಲೀಸ ಅಲ್ಲೇ ಬಿಟ್ಟು ಕಳಿಸುತ್ತಿದ್ದ ಎಂದು ಅವನು ಕಟ್ಟೆಯ ಮೇಲೆ ಕುಳಿತು ಹೇಳುವುದಿತ್ತು. ಈಗ ಗಾಳಿ ಬಿಡಲು ಪೊಲೀಸನಿಲ್ಲ. ಆ ಕೆಲಸವನ್ನೇ ಬೀಗ ಮಾಡುತ್ತದೆ, ಅಷ್ಟೇ.

ಬೀಗದ ಗುಟ್ಟು ಸರಳವಾಗಿತ್ತು. ಒಬ್ಬೊಬ್ಬರ ತುಳಿತ ಒಂದೊಂದು ಥರ. ಯಾವ ಕಾಲಿನ ಮೇಲೆ ಭಾರ ಹೆಚ್ಚು, ಪೆಡಲು ಮೇಲೆ ಬರುವಾಗ ಪಾದ ಎಲ್ಲಿ ಸಡಿಲಾಗುತ್ತದೆ, ಎಲ್ಲಿ ಬಿಗಿಯುತ್ತದೆ ಎಂಬುದು ಕೈಬೆರಳಿನ ಗೆರೆಯಿದ್ದ ಹಾಗೆ. ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ. ಹಿಂದಿನ ಗಾಲಿಯ ನಟ್ಟನಡುವಿನ ಗುಂಬದಲ್ಲಿ ಕುಳಿತ ಬೀಗ ಯಜಮಾನನ ತುಳಿತವನ್ನು ಕಲಿತುಕೊಳ್ಳುತ್ತದೆ. ರಾತ್ರಿಯಾದರೆ ತಾನೇ ಮಲಗುತ್ತದೆ. ಬೆಳಿಗ್ಗೆ ಅದೇ ಕಾಲು ಒಂದು ಸುತ್ತು ತುಳಿದರೆ ಎಚ್ಚರಾಗುತ್ತದೆ. ಒಮ್ಮೆ ಎದ್ದರೆ ಆಯಿತು, ಮತ್ತೆ ಮಲಗುವ ತನಕ ಮನೆಯವರು ಯಾರು ಬೇಕಾದರೂ ಓಡಿಸಬಹುದು. ಬೇರೆ ಕಾಲು ಎಬ್ಬಿಸಹೋದರೆ ನಾಲ್ಕು ಮಾರು ಹೋಗುವುದರೊಳಗೆ ಗಾಲಿ ಕಲ್ಲಾಗುತ್ತದೆ. ಗೆರೆಯ ಹೊರಗೆ ನಿಲ್ಲಿಸಿದರೂ ಹಾಗೆಯೇ. ಒಂದು ತಾಸು ಅಲುಗಾಡುವುದಿಲ್ಲ.

ಬೀಗ ಕೂರಿಸಿದ ಮೇಲೆ ಮೊದಲ ಸುತ್ತನ್ನು ಯಜಮಾನರೇ ಹೊಡೆಯಬೇಕು ಎಂದು ಬಂಡಿಯವರು ಸ್ಪಷ್ಟವಾಗಿ ಹೇಳಿದ್ದರು. ಆದರೆ ಹಗ್ಗದ ಓಣಿಗೆ ತನ್ನದೇ ಒಂದು ರೂಢಿಯಿತ್ತು. ಹೊಸ ಸೈಕಲ್ಲು ಬರಲಿ, ಕೈಗಾಡಿ ಬರಲಿ, ಅದಕ್ಕೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ಕಾಲ್ಗುಣ ಒಳ್ಳೆಯದಿದ್ದವರಿಂದ ಮೊದಲ ಸುತ್ತು ಹೊಡೆಸುವುದು. ಓಣಿಯಲ್ಲಿ ಆ ಕಾಲ್ಗುಣ ಇದ್ದದ್ದು ಫಕೀರವ್ವನಿಗೆ. ಅವಳು ಕೂಸಾಗಿ ತಾಯಿಯ ಬಗಲಲ್ಲಿ ಓಣಿಗೆ ಬಂದ ವಾರವೇ ಮುಚ್ಚಿದ್ದ ಹತ್ತಿ ಗಿರಣಿ ತೆರೆಯಿತಂತೆ. ಅಂದಿನಿಂದ ಯಾರ ಮನೆ ಹೊಸ್ತಿಲು ದಾಟುವುದಿದ್ದರೂ ಫಕೀರವ್ವನೇ ಮುಂದೆ. ಊರವರಿಗೆಲ್ಲ ಒಳ್ಳೆಯದು ಮಾಡಿದ ಆ ಕಾಲು ಅವಳನ್ನು ಮಾತ್ರ ಯಾವ ಗಂಡನ ಮನೆಗೂ ಒಯ್ಯಲಿಲ್ಲ. ಎಂದೋ ನಿಶ್ಚಯವಾದದ್ದು ಎಂದೋ ಮುರಿಯಿತು. ನಲವತ್ತು ದಾಟಿದ ಮೇಲೂ ಅವಳು ತಂದೆ ಬಿಟ್ಟುಹೋದ ಮನೆಯಲ್ಲಿ ತುಂಡುಬಟ್ಟೆಗಳಿಂದ ಹೊದೆಯುವ ಕೌದಿ ಹೊಲಿಯುತ್ತ, ಹೊಲಿದದ್ದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಮುಟ್ಟಿಸುತ್ತ ಇದ್ದಳು.

ಬೀಗ ಕೂರಿಸಿದ ಸೈಕಲ್ಲೂ ಹೊಸ ಸೈಕಲ್ಲೇ ಎಂದು ಯಮನೂರಪ್ಪಜ್ಜ ಅಂದ. ಮೊದಲ ಸುತ್ತು ಫಕೀರವ್ವ ಹೊಡೆಯಲಿ, ಅದರ ಹಿಂದೆಯೇ ಯಜಮಾನರು ಹೊಡೆದರಾಯಿತು, ಅದರಲ್ಲಿ ಕೆಡುವುದೇನಿದೆ ಎಂಬುದು ಅವನ ವಾದ. ಯಾರಿಗೂ ಅದು ತಪ್ಪೆನಿಸಲಿಲ್ಲ. ಅಂದು ಇಡೀ ಬೆಳಗು ಫಕೀರವ್ವ ಸೀರೆಯ ಸೆರಗು ಸಿಕ್ಕಿಸಿಕೊಂಡು, ಒಂದರಿಂದ ಇಳಿದು ಇನ್ನೊಂದನ್ನು ಹತ್ತಿ, ಓಣಿಯ ಬೇವಿನ ಗಿಡಕ್ಕೆ ಸುತ್ತು ಹಾಕಿದಳು. ಹೆಂಗಸರು ಆರತಿ ಎತ್ತಿದರು. ಅವಳಿಗೆ ಒಳಗೊಳಗೇ ಹಿಗ್ಗಾಗಿತ್ತು.

ಬೀಗ ಕಲಿಯುವುದು ಮೊದಲ ಸುತ್ತಿನಲ್ಲಿಯೇ, ಅದೂ ಒಂದೇ ಸಲ ಎಂಬುದು ಗೊತ್ತಾದದ್ದು ಮರುದಿನ. ಕೆಲಸಕ್ಕೆ ಹೊರಟವರ ಸೈಕಲ್ಲುಗಳೆಲ್ಲ ಬೇವಿನ ಗಿಡದ ತನಕ ಹೋಗಿ ಕಲ್ಲಾಗಿ ನಿಂತವು. ಓಣಿಯಲ್ಲಿ ಎದ್ದದ್ದು ಫಕೀರವ್ವನ ಸೈಕಲ್ಲೊಂದೇ. ಬೀಗ ಕೆಟ್ಟಿದೆ ಎಂದುಕೊಂಡರು. ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದ ಖೈರೂನಬಿಗೆ ಪಾಳಿಯ ಹೊತ್ತು ಮೀರುತ್ತಿತ್ತು. ತಾಸು ಕಳೆದು ಗಾಲಿ ಸಡಿಲಾದೊಡನೆ ಅವಳು ಸಿಟ್ಟಿನಿಂದ ತನ್ನ ಸೈಕಲ್ಲನ್ನು ಫಕೀರವ್ವನ ಕೈಗೆ ಕೊಟ್ಟು, ನೀನಾದರೂ ತುಳಿದು ನೋಡು ಅಂದಳು. ಫಕೀರವ್ವ ತುಳಿದಳು. ಬೀಗ ಟಿಕ್ಕೆಂದು ಎದ್ದಿತು. ಆಗ ಇಡೀ ಓಣಿಗೆ ತಿಳಿಯಿತು.

ಮಂಡಳಿಗೆ ಹೋಗಿ ಹೇಳೋಣವೆಂದರೆ ಧೈರ್ಯ ಸಾಲಲಿಲ್ಲ. ಒಬ್ಬರ ಬೀಗಕ್ಕೆ ಇನ್ನೊಬ್ಬರ ತುಳಿತ ಕಲಿಸುವುದು ದೊಡ್ಡ ತಪ್ಪೆಂದು ಕಾಯಿದೆಯಲ್ಲಿತ್ತು. ಕಳ್ಳರ ಸಲುವಾಗಿ ಮಾಡಿದ ಕಾಯಿದೆ ಅದು. ಸೈಕಲ್ಲು ಜಪ್ತಿಯಾಗುತ್ತದೆ, ವರ್ಷದ ತನಕ ಬೇರೆ ಸಿಗುವುದಿಲ್ಲ. ಸೈಕಲ್ಲಿಲ್ಲದೆ ಓಣಿಯವರು ವರ್ಕ್‌ಶಾಪಿಗೆ, ಮಾರ್ಕೆಟ್ಟಿಗೆ, ಆಸ್ಪತ್ರೆಗೆ ಹೋಗುವುದು ಹೇಗೆ? ಒಂದು ವಾರ ಫಕೀರವ್ವ ಎಬ್ಬಿಸಿಕೊಡಲಿ, ಅಷ್ಟರಲ್ಲಿ ಏನಾದರೂ ದಾರಿ ಹುಡುಕೋಣ ಎಂದು ಯಮನೂರಪ್ಪಜ್ಜ ಅಂದ.

ಆ ವಾರ ಮುಗಿಯಲೇ ಇಲ್ಲ.

ಬೆಳಗು ಹರಿಯುವುದರೊಳಗೆ ಫಕೀರವ್ವ ಏಳುವಳು. ಓಣಿಯ ಬಾಯಿಯಲ್ಲಿ ಬಿಳಿ ಗೆರೆಗಳ ನಡುವೆ ಸೈಕಲ್ಲುಗಳು ಸಾಲಾಗಿ ನಿಂತಿರುತ್ತಿದ್ದವು. ಗೋಡೆಯ ಕಡೆಯಿಂದ ಶುರು ಮಾಡಿ ರಸ್ತೆಯ ಕಡೆಯ ತನಕ ಒಂದೊಂದನ್ನೇ ಹತ್ತಿ, ಬೇವಿಗೆ ಸುತ್ತು ಹಾಕಿ, ಮರಳಿ ಗೆರೆಯೊಳಗೆ ನಿಲ್ಲಿಸುವಳು. ಬುತ್ತಿಗಂಟು ಹಿಡಿದವರು ನಿಂತು ಕಾಯುವರು. ಮೊದಲ ತಿಂಗಳು ಒಬ್ಬರು ಚಾ ತರುವರು, ಒಬ್ಬರು ರೊಟ್ಟಿ ತರುವರು. ನಿನ್ನ ಉಪಕಾರ ಹೇಗೆ ತೀರಿಸುವುದವ್ವಾ ಅನ್ನುವರು. ಮಳೆಗಾಲ ಕಳೆಯುವುದರೊಳಗೆ ಚಾ ನಿಂತಿತು. ದಸರೆಯ ಹೊತ್ತಿಗೆ, ಇವತ್ತು ಯಾಕೆ ತಡ ಎಂದು ಕೇಳುವವರು ಹುಟ್ಟಿದರು. ಯಾರದೂ ಕೆಟ್ಟ ಮನಸ್ಸಲ್ಲ. ದಿನಾ ಬರುವ ನಳದ ನೀರಿಗೆ ಯಾರು ಕೈ ಮುಗಿಯುತ್ತಾರೆ?

ಫಕೀರವ್ವನಿಗೆ ಮಾತ್ರ ಊರು ಒಂದು ಓಣಿಯಷ್ಟಾಯಿತು. ಧಾರವಾಡದಲ್ಲಿ ಚಿಕ್ಕವ್ವನ ಮಗಳ ಮದುವೆಯಾದರೂ ಹೋಗಲಾಗಲಿಲ್ಲ; ರಾತ್ರಿ ಉಳಿಯುವ ಹಾಗಿರಲಿಲ್ಲವಲ್ಲ. ಕಾರ್ತಿಕದ ಚಳಿಯಲ್ಲಿ ಜ್ವರ ಬಂದಾಗ ಇಬ್ಬರು ಹೆಂಗಸರು ಎರಡೂ ಬದಿಗೆ ಹಿಡಿದುಕೊಂಡು ಸುತ್ತು ಹಾಕಿಸಿದರು. ಅಂದು ಕಾಲು ನಡುಗಿದ್ದಕ್ಕೆ ಒಂದೆರಡು ಬೀಗ ಅವಳ ಗುರುತು ಹಿಡಿಯದೆ ಸತಾಯಿಸಿದವು.

ಅವಳ ತುಳಿತವನ್ನು ಕಲಿಯಲು ಜನ ಪ್ರಯತ್ನ ಮಾಡದೇ ಇರಲಿಲ್ಲ. ಯಮನೂರಪ್ಪಜ್ಜನೇ ಉಸ್ತಾದನಾದ. ಕೌದಿ ಹೊಲಿಯಲು ಎಡಮೊಣಕಾಲು ಮಡಿಚಿ ಕುಳಿತು ಕುಳಿತು ಅವಳ ಎಡಗಾಲು ಮೇಲೆ ಬರುವಾಗ ಚೂರು ತಡೆಯುತ್ತದೆ ಎಂದು ಅವನು ಕಂಡುಹಿಡಿದ. ಆಮೇಲೆ ವರ್ಕ್‌ಶಾಪಿನ ಗಂಡಸರೆಲ್ಲ ಎಡಗಾಲು ತಡೆದು ತುಳಿಯತೊಡಗಿದರು. ಒಬ್ಬ ಎಡಗಾಲಿಗೆ ಮರಳಿನ ಚೀಲ ಕಟ್ಟಿಕೊಂಡ. ಇನ್ನೊಬ್ಬ ಫಕೀರವ್ವನ ಚಪ್ಪಲಿಯನ್ನೇ ಹಾಕಿಕೊಂಡು ನೋಡಿದ. ಖೈರೂನಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸೀರಿ ಒಂದು ಉಟ್ಟುಕೋರಿ, ಅದು ಬಾಕಿ ಐತಿ."

ಬೀಗಗಳು ಯಾರಿಗೂ ಮರುಳಾಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಗುಳೇದಗುಡ್ಡದಿಂದ ಗೂಳಪ್ಪ ಎಂಬವನು ಬರತೊಡಗಿದ. ಮಗ್ಗಗಳ ರಿಪೇರಿ ಮಾಡುವವನು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ್ಗದವರ ಮನೆಗಳಲ್ಲಿ ಉಳಿದ ರವಿಕೆ ಖಣದ ತುಂಡುಗಳನ್ನು ಒಟ್ಟು ಮಾಡಿ ಕೌದಿಗೆಂದು ತಂದುಕೊಡುವನು. ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದವನು ಆಮೇಲೆ ತುಂಡುಗಳು ಚೀಲದ ತಳ ಮುಚ್ಚುವಷ್ಟಿಲ್ಲದಿದ್ದರೂ ಬಂದ. ಮಾತು ಕಡಿಮೆಯ ಮನುಷ್ಯ. ಯುಗಾದಿಯ ಮರುದಿನ ಕಟ್ಟೆಯ ಮೇಲೆ ಕುಳಿತು, ಚಾ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು, ನಮ್ಮೂರಿಗೆ ಬಂದುಬಿಡುತ್ತೀಯಾ ಎಂದು ಕೇಳಿದ. ಫಕೀರವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ಬರುತ್ತೇನೆ ಅಂದಳು. ಆಮೇಲೆ ಓಣಿಯ ಸಾಲನ್ನು ನೆನೆದು, ಈಗಲೇ ಆಗುವುದಿಲ್ಲ ಅಂದಳು. ಯಾಕೆಂದು ಅವನು ಕೇಳಿದ. ಅವಳು ಹೇಳಿದಳು. ಅವನು ಖಾಲಿ ಚೀಲವನ್ನು ಮಡಿಚಿ ಬಗಲಿಗೆ ಇಟ್ಟುಕೊಂಡ.

"ಕಾಯ್ತೀನಿ ತಗೋ," ಅಂದ. "ಮಗ್ಗ ರಿಪೇರಿ ಮಾಡಾಂವಗ ಕಾಯೂದು ಬರ್ತೈತಿ."

ಸುದ್ದಿ ಓಣಿಗೆ ತಿಳಿಯಿತು. ಬೇಡವೆಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಆದರೆ ಒಬ್ಬರು ಗುಳೇದಗುಡ್ಡದ ಬಿಸಿಲಿನ ಬಗ್ಗೆ ಹೇಳಿದರು, ಇನ್ನೊಬ್ಬರು ಅಲ್ಲಿನ ನೀರಿನ ಬಗ್ಗೆ. ಈ ವಯಸ್ಸಿನಲ್ಲಿ ಹೊಸ ಸಂಸಾರದ ದಗದ ಯಾಕೆ ಎಂದು ಮತ್ತೊಬ್ಬಳು ಕನಿಕರದಿಂದ ಕೇಳಿದಳು. ಅಜ್ಜನಂತೂ ಫಕೀರವ್ವನ ಮುಖ ನೋಡುವುದನ್ನೇ ಬಿಟ್ಟ. ಫಕೀರವ್ವ ಎಲ್ಲವನ್ನೂ ಕೇಳಿ, ಬೆಳಿಗ್ಗೆ ಎದ್ದು ಸೈಕಲ್ಲು ಹತ್ತುವಳು. ಒಂದು ದಿನ ಗೋಡೆಯ ಕಡೆಯ ಮೊದಲ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತುಬಿಟ್ಟಳು. ಹತ್ತದೇ ಹೋದರೆ ಏನಾಗುತ್ತದೆ ಎಂಬ ವಿಚಾರ ಬಂದಿತ್ತು. ಅಷ್ಟರಲ್ಲಿ ಖೈರೂನಬಿ ಬಂದು ಅವಳ ಪಕ್ಕದಲ್ಲಿ ನಿಂತಳು.

"ನಾವು ನಿನ್ನ ಕಾಲು ಕಟ್ಟಿ ಹಾಕೀವಿ, ಫಕೀರಿ. ನನಗೂ ಗೊತ್ತೈತಿ. ಆದ್ರ ನನ್ನ ಪಾಳಿ ತಪ್ಪಿದ್ರ ಮನ್ಯಾಗ ಒಲಿ ಉರಿಯೂದಿಲ್ಲ. ನಾ ಏನ್ ಮಾಡ್ಲಿ ಹೇಳು."

ಫಕೀರವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಖೈರೂನಬಿಯನ್ನು ಬೈಯಬೇಕೆಂದರೂ ಅವಳಿಗೆ ಬಾಯಿ ಬರಲಿಲ್ಲ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

ಇತ್ತ ಹಳೆಯ ಸುಂಕದ ಕಟ್ಟೆಯ ಕಟ್ಟಡದಲ್ಲಿ ಚಕ್ರಮಂಡಳಿಯ ನಿಯಂತ್ರಣ ಕೋಣೆಯಿತ್ತು. ಅಲ್ಲಿ ನಡೆದದ್ದನ್ನು ಫಕೀರವ್ವನಿಗೆ ಆಮೇಲೆ ಹೇಳಿದವಳು ಅಲ್ಲಿ ಕೆಲಸಕ್ಕಿದ್ದ ಪ್ರಮೀಳಾ ಕಟ್ಟಿಮನಿ. ಗೋಡೆಯಷ್ಟು ಅಗಲದ ಪರದೆಯ ಮೇಲೆ ಊರಿನ ಎಲ್ಲ ನಿಲ್ದಾಣಗಳ ಸೈಕಲ್ಲುಗಳೂ ಚುಕ್ಕಿಗಳಾಗಿ ಕಾಣುತ್ತವಂತೆ. ಬೀಗ ಎದ್ದರೆ ಚುಕ್ಕಿ ಹಸಿರಾಗುತ್ತದೆ. ಬೇರೆ ಓಣಿಗಳಲ್ಲಿ ಚುಕ್ಕಿಗಳು ಅಲ್ಲೊಂದು ಇಲ್ಲೊಂದು ಎಚ್ಚರಾಗುತ್ತವೆ. ಒಬ್ಬ ಬೇಗ ಏಳುತ್ತಾನೆ, ಒಬ್ಬ ತಡವಾಗಿ ಏಳುತ್ತಾನೆ, ಒಬ್ಬ ಹಬ್ಬದ ದಿನ ಏಳುವುದೇ ಇಲ್ಲ. ಹಗ್ಗದ ಓಣಿಯಲ್ಲಿ ಮಾತ್ರ ದಿನಾ ಬೆಳಿಗ್ಗೆ ಗೋಡೆಯಿಂದ ರಸ್ತೆಯ ತನಕ ಒಂದಾದ ಮೇಲೊಂದು, ಯಾರೋ ದೀಪ ಹಚ್ಚುತ್ತ ಹೊರಟಂತೆ. ಬೀಗ ಯಾರ ತುಳಿತಕ್ಕೆ ಎದ್ದಿತು ಎಂದು ಹೋಲಿಸಿ ನೋಡುವ ಅಧಿಕಾರ ಮಂಡಳಿಗೆ ಇರಲಿಲ್ಲ. ಜನರ ನಡೆ ಜನರದೇ ಎಂದು ಹಿಂದೆ ದೊಡ್ಡ ಗಲಾಟೆಯಾಗಿ ಆದ ಕಾನೂನು ಅದು. ಹಿರಿಯ ಇಂಜಿನಿಯರ ಪಾಚ್ಛಾಪುರ ಸಾಹೇಬರು ಆ ನಿಲ್ದಾಣದ ಗಡಿಯಾರ ಕೆಟ್ಟಿರಬೇಕು ಅಂದರು. ಹೋಗಿ ನೋಡಿ ಬರುತ್ತೇನೆಂದು ಪ್ರಮೀಳಾ ಹೊರಟಳು.

ಮತ್ತೆ ಆಷಾಢ ಬಂದಿತ್ತು. ಸಣ್ಣಗೆ ಹನಿಯುತ್ತಿದ್ದ ಬೆಳಗಿನಲ್ಲಿ ಅವಳು ಓಣಿಗೆ ಬಂದು, ಯಾರಿಗೂ ಕಾಣಬಾರದೆಂದು ತನ್ನ ಸೈಕಲ್ಲನ್ನು ವಿಠ್ಠಲ ಗುಡಿಯ ಹಿಂದಿನ ಗೋಡೆಗೆ ಒರಗಿಸಿ ನಿಂತು ನೋಡಿದಳು. ಒಬ್ಬ ಹೆಂಗಸು ಸೈಕಲ್ಲು ಹತ್ತುತ್ತಿದ್ದಾಳೆ, ಸುತ್ತುತ್ತಿದ್ದಾಳೆ, ಇಳಿಯುತ್ತಿದ್ದಾಳೆ. ಜನ ಒಬ್ಬೊಬ್ಬರಾಗಿ ತಮ್ಮ ಸೈಕಲ್ಲು ತೆಗೆದುಕೊಂಡು ಹೋಗುತ್ತಿದ್ದಾರೆ. ಕಡೆಯ ಸೈಕಲ್ಲು ಹೋದ ಮೇಲೆ ಪ್ರಮೀಳಾ ತನ್ನದನ್ನು ತೆಗೆಯಹೋದಳು. ಅದು ಕಲ್ಲಾಗಿತ್ತು. ಗುಡಿಯ ಗೋಡೆಗೆ ಬಿಳಿ ಗೆರೆಯೆಲ್ಲಿದೆ? ಕಾಯಿದೆ ಮಾಡಿದವರ ಕೋಣೆಯಲ್ಲಿ ಕುಳಿತು ದಿನಾ ಊರಿನ ತಪ್ಪು ನೋಡುವವಳು ತಾನೇ ಸಿಕ್ಕಿಬಿದ್ದಿದ್ದಳು. ಹ್ಯಾಂಡಲು ಹಿಡಿದು ಎಳೆಯುತ್ತಿದ್ದವಳನ್ನು ಫಕೀರವ್ವ ಕಂಡಳು. ಯಾರೋ ಪರವೂರಿನವಳು, ಪಾಪ, ಅಂದುಕೊಂಡಳು.

"ಎಳೀಬ್ಯಾಡ್ರಿ ಬಾಯಾರ. ಒಂದು ತಾಸು ಅದು ದೇವರು ಬಂದ್ರೂ ಏಳೂದಿಲ್ಲ. ತೊಯ್ಸಿಕೊಂಡು ಯಾಕ ನಿಂತೀರಿ, ಬರ್ರಿ, ಚಾ ಕುಡೀರಿ."

ಮನೆಯೊಳಗೆ ಬಂದು, ತಲೆಗೆ ಹೊದ್ದಿದ್ದ ಒದ್ದೆ ಸೆರಗು ಸರಿಸಿದಾಗ ಪ್ರಮೀಳಾಳ ಎದೆಯ ಮೇಲಿನ ಮಂಡಳಿಯ ಗುರುತಿನ ಬಿಲ್ಲೆ ಕಂಡಿತು. ಫಕೀರವ್ವನ ಕೈಯಲ್ಲಿದ್ದ ಚಾದ ಪಾತ್ರೆ ಅಲ್ಲೇ ನಿಂತಿತು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಇವಳು ಎಲ್ಲ ನೋಡಿದ್ದಾಳೆ. ಓಣಿಯ ಸೈಕಲ್ಲುಗಳನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಹೋಗುವುದು, ಖೈರೂನಬಿ ಬರಿಗಾಲಲ್ಲಿ ಆಸ್ಪತ್ರೆಗೆ ಓಡುವುದು ಅವಳ ಕಣ್ಣಿಗೆ ಕಟ್ಟಿತು. ಆದರೂ ಪಾತ್ರೆ ಕೆಳಗಿಟ್ಟು, ಚಾ ಸೋಸಿ ಕೊಟ್ಟು, ಎದುರಿಗೆ ಕುಳಿತು ಮೊದಲಿಂದ ಹೇಳಿದಳು. ಲಿಂಬೆಹಣ್ಣು ಇಟ್ಟದ್ದು, ಆರತಿ ಎತ್ತಿದ್ದು, ಅಜ್ಜ ಅಂದದ್ದು, ತಾನು ಹಿಗ್ಗಿದ್ದು. ಜಪ್ತಿ ಮಾಡುವುದಿದ್ದರೆ ತನ್ನ ಸೈಕಲ್ಲೊಂದನ್ನೇ ಮಾಡಿರಿ ಅಂದಳು.

ಪ್ರಮೀಳಾ ಮೊದಲು ನಕ್ಕುಬಿಟ್ಟಳು, ಆಮೇಲೆ ನಗು ನಿಲ್ಲಿಸಿದಳು. ತಾಸಿನ ತನಕ ಹೋಗಲು ದಾರಿಯಿರಲಿಲ್ಲ. ಕುಳಿತಲ್ಲೇ ಕೌದಿಯ ಮೇಲೆ ಕೈಯಾಡಿಸಿದಳು. ಈ ಖಣ ಎಷ್ಟು ಚಂದ ಇದೆ, ಎಲ್ಲಿಯದು ಎಂದು ಕೇಳಿದಳು. ಆ ಮಾತಿನಿಂದ ಗೂಳಪ್ಪನ ಸುದ್ದಿ ಹೊರಗೆ ಬಂತು. ಹೋಗಲಾಗದೆ ಉಳಿದದ್ದೂ ಬಂತು.

"ಅಂದ್ರ ನೀವು ಊರು ಬಿಟ್ಟು ಹೋಗವ್ರು?" ಎಂದು ಪ್ರಮೀಳಾ ಕೇಳಿದಳು.

"ಹೋಗಾಕಿ ಅಂತ ಅಂದಿದ್ನಿರಿ. ಎಲ್ಲೆ ಹೋಗ್ಲಿ?"

ಪ್ರಮೀಳಾ ಅವಳನ್ನೇ ನೋಡುತ್ತ ಕುಳಿತಳು. ಏನೋ ನೆನಪಿಗೆ ಬರುತ್ತಿದೆ, ಪೂರಾ ಬರುತ್ತಿಲ್ಲ ಎನ್ನುವಂತಿತ್ತು ಅವಳ ಮುಖ. ಒಂದು ಮಾತು ಕೇಳಿಕೊಂಡು ಬರುತ್ತೇನೆ, ಅಲ್ಲಿಯ ತನಕ ಯಾರಿಗೂ ಏನೂ ಹೇಳಬೇಡಿರಿ ಎಂದು ಎದ್ದಳು. ಅಷ್ಟರಲ್ಲಿ ಗುಡಿಯ ಗೋಡೆಗಿದ್ದ ಸೈಕಲ್ಲು ತಾನಾಗಿ ಸಡಿಲಾಗಿತ್ತು.

ನಿಯಂತ್ರಣ ಕೋಣೆಯಲ್ಲಿ ಅವಳು ಯಾರ ಹೆಸರನ್ನೂ ಹೇಳದೆ ಪಾಚ್ಛಾಪುರ ಸಾಹೇಬರನ್ನು ಕೇಳಿದಳಂತೆ: ಊರು ಬಿಟ್ಟು ಹೋಗುವವರ ತುಳಿತವನ್ನು ನಾವು ಏನು ಮಾಡುತ್ತೇವೆ? ಅಳಿಸಲೇಬೇಕು, ಕಾನೂನಿದೆ, ಬಿಟ್ಟು ಹೋದವರ ಗುರುತು ಊರು ಇಟ್ಟುಕೊಳ್ಳುವ ಹಾಗಿಲ್ಲ ಎಂದರು ಅವರು. ಅವರ ಬೀಗದಿಂದಷ್ಟೇ ಅಳಿಸುವುದೋ ಎಂದಳು. ಇಲ್ಲ, ಊರಿನ ಎಲ್ಲ ಬೀಗಗಳಿಗೂ ಒಂದೇ ಅಪ್ಪಣೆ ಹೋಗುತ್ತದೆ. ಈ ತುಳಿತ ಯಾವ ಬೀಗಕ್ಕೆ ಗೊತ್ತಿದೆಯೋ ಅದು ಮರೆಯಲಿ ಎಂದು. ಬೀಗ ಯಾರ ಹೆಸರಿನದೆಂದು ಕೇಳುವುದಿಲ್ಲ. ಮರೆತ ಬೀಗ ಮತ್ತೆ ಹೊಸದರ ಹಾಗೆಯೇ ಆಗುತ್ತದೆ. ಯಾಕೆ ಕೇಳುತ್ತೀ ಎಂದರು. ಸುಮ್ಮನೆ ಕೇಳಿದೆ ಅಂದಳು. ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಹಗ್ಗದ ಓಣಿಯ ಗಡಿಯಾರ ಸರಿಯಾಯಿತೇ ಎಂದರು. ಶ್ರಾವಣದ ಹೊತ್ತಿಗೆ ಸರಿಯಾಗಬಹುದು ಸರ್ ಅಂದಳು. ಅವರು ಕನ್ನಡಕ ಸರಿಪಡಿಸಿಕೊಂಡು ಪರದೆಯ ಕಡೆ ತಿರುಗಿದರು.

ಮರುದಿನ ಸಂಜೆ ಅವಳು ಓಣಿಗೆ ಬಂದಾಗ ಸೈಕಲ್ಲನ್ನು ಗೆರೆಯೊಳಗೇ ನಿಲ್ಲಿಸಿದಳು. ಕಟ್ಟೆಯ ಮೇಲೆ ಓಣಿಯವರೆಲ್ಲ ಸೇರಿದರು. ಫಕೀರವ್ವ ಹೋದರೆ ಬೀಗಗಳು ಸಾಯುತ್ತವೆ ಎಂದು ವರ್ಷವಿಡೀ ಅವಳನ್ನು ಹಿಡಿದಿಟ್ಟುಕೊಂಡಿದ್ದರಲ್ಲ, ಅವಳು ಹೋಗಿದ್ದರೆ ಅವು ಎಂದೋ ಹೊಸದಾಗುತ್ತಿದ್ದವು ಎಂದು ಪ್ರಮೀಳಾ ಹೇಳಿದಳು. ಕೆಲವರು ನೆಲ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರಿಗೇ ಅನುಮಾನ ಹುಟ್ಟಿತು. ಅಪ್ಪಣೆ ಈ ಬೀಗಗಳಿಗೆ ಮುಟ್ಟದಿದ್ದರೆ? ಪ್ರಮೀಳಾ ಮುಚ್ಚಿಡಲಿಲ್ಲ. ಹೀಗೆ ಬೇರೆಯವರ ಹೆಸರಿನ ಬೀಗದಲ್ಲಿ ಕುಳಿತ ತುಳಿತವನ್ನು ಈ ತನಕ ಯಾರೂ ಅಳಿಸಿ ನೋಡಿಲ್ಲ. ಆಗಬೇಕು, ಆದರೆ ಆಣೆ ಮಾಡಿ ಹೇಳಲಾರೆ ಅಂದಳು. ಒಮ್ಮೆ ಊರು ಬಿಟ್ಟೆ ಎಂದು ಬರೆಸಿದ ಮೇಲೆ ಫಕೀರವ್ವನ ಕಾಲಿಗೆ ಈ ಊರಿನ ಯಾವ ಸೈಕಲ್ಲೂ ವರ್ಷದ ತನಕ ಏಳುವುದಿಲ್ಲ. ಅಳಿಸದೇ ಹೋದರೆ ಎಬ್ಬಿಸುವವರೂ ಇಲ್ಲ.

ಇದನ್ನು ಕೇಳಿ ಗುಂಪು ಕದಲಿತು. ಇದ್ದದ್ದು ಇದ್ದ ಹಾಗೆ ನಡೆಯುತ್ತಿದೆಯಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಫಕೀರವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಾಲುಗಳು ಸೋತಿವೆ ಎಂದಷ್ಟೇ ಅನಿಸಿತು. ಆಗ ಖೈರೂನಬಿ ಮುಂದೆ ಬಂದಳು. ಓಣಿಯಲ್ಲಿ ಎಲ್ಲರಿಗಿಂತ ದೂರ ಹೋಗಬೇಕಾದವಳು ಅವಳೇ.

"ಒಂದು ವರ್ಷ ಅಕಿ ನಮ್ಮ ಸಲುವಾಗಿ ಎದ್ದಾಳ. ಬೀಗ ಏಳಲಿಲ್ಲ ಅಂದ್ರ ಒಂದು ವರ್ಷ ನಾವು ನಡಕೊಂಡು ಹೋಗೂಣು. ನಾನಂತೂ ಹೊಕ್ಕೀನಿ. ಅಕಿನ್ನ ಬಿಡ್ರಿ ಇನ್ನ."

ಯಮನೂರಪ್ಪಜ್ಜ ಬಡಿಗೆಯೂರಿ ಎದ್ದು, ಬಹಳ ತಿಂಗಳ ಮೇಲೆ ಫಕೀರವ್ವನ ಮುಖ ನೋಡಿದ. ಹೋಗವ್ವಾ ಅಂದ. ಮತ್ತೆ ಕುಳಿತುಕೊಂಡ. ಕುಳಿತ ಮೇಲೆ ಅವನಿಗೆ ಒಂದು ಚಿಂತೆ ಬಂದಿತು. ಬೀಗಗಳು ಹೊಸದಾಗುವುದಾದರೆ ಮೊದಲ ಸುತ್ತು ಯಾರಿಂದ ಹೊಡೆಸುವುದು? ಇಡೀ ಓಣಿ ಅವನ ಕಡೆ ತಿರುಗಿತು.

"ಅಜ್ಜಾರ, ನಿಮಗ ಕೈ ಮುಗೀತೀವಿ," ಎಂದು ಖೈರೂನಬಿ ಅಂದಳು. "ಈ ಸಲ ಅವರವರ ಕಾಲು ಅವರವರಿಗೆ ಇರ್ಲಿ."

ಆ ವರ್ಷದಲ್ಲಿ ಮೊದಲ ಸಲ ಆ ಕಟ್ಟೆಯಲ್ಲಿ ಎಲ್ಲರೂ ಕೂಡಿ ನಕ್ಕರು. ನಗುವಿನಲ್ಲಿ ಹೆದರಿಕೆಯೂ ಇತ್ತು.

ಪ್ರಮೀಳಾ ತಾನು ಕಂಡದ್ದನ್ನು ಮಂಡಳಿಯ ದಾಖಲೆಯಲ್ಲಿ ಬರೆಯಲಿಲ್ಲ. ಬೀಗ ಮರೆತ ಮೇಲೆ ತಪ್ಪು ಎಲ್ಲಿ ಉಳಿಯುತ್ತದೆ, ನಾನು ಯಾವುದರ ಬಗ್ಗೆ ಬರೆಯಲಿ ಎಂಬುದು ಅವಳ ಲೆಕ್ಕ.

ಆಷಾಢದಲ್ಲಿ ಶುಭಕಾರ್ಯ ಬೇಡವೆಂದು ಶ್ರಾವಣದ ತನಕ ಕಾದರು. ಶ್ರಾವಣದ ಒಂದು ಬುಧವಾರ ಫಕೀರವ್ವ ಸುಂಕದ ಕಟ್ಟೆಯ ಕಟ್ಟಡಕ್ಕೆ ಹೋಗಿ ಕಿಟಕಿಯಲ್ಲಿ ನಿಂತು, ನಾನು ಊರು ಬಿಡುತ್ತೇನೆ ಅಂದಳು. ಗಾಲಿಯಿಲ್ಲದ, ಬರೀ ಪೆಡಲಿದ್ದ ಒಂದು ಕಟ್ಟಿಗೆಯ ಆಸನದ ಮೇಲೆ ಕೂರಿಸಿ ತುಳಿಯಲು ಹೇಳಿದರು. ಅವಳು ತುಳಿದಳು. ಪರದೆಯ ಮೇಲೆ ಒಂದು ಗೆರೆ ಏರಿತು, ಇಳಿಯಿತು. ಎಡಗಾಲು ಮೇಲೆ ಬರುವಲ್ಲಿ ಸಣ್ಣದೊಂದು ತಡೆ. ತನ್ನ ತುಳಿತವನ್ನು ಅವಳು ಕಣ್ಣಿಂದ ಕಂಡದ್ದು ಅದೇ ಮೊದಲು. ನಾಳೆ ಬೆಳಗಿನಿಂದ ಊರಿಗೆ ಇದರ ನೆನಪಿರುವುದಿಲ್ಲ ಎಂದು ಕಿಟಕಿಯವರು ಹೇಳಿದರು. ಕೂಸಿದ್ದಾಗಿನಿಂದ ಬೆಳೆದ ಊರು ತನ್ನ ಕಾಲನ್ನು ಮರೆಯುತ್ತದೆ ಎಂದಾಗ ಅವಳು ಆ ಗೆರೆಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಕೆಳಗಿಳಿದು ಚಪ್ಪಲಿ ಮೆಟ್ಟಿದಳು. ಮನೆಗೆ ನಡೆದುಕೊಂಡೇ ಬಂದಳು. ಅಷ್ಟು ಹಗುರಾಗಿ ನಡೆದು ಎಷ್ಟು ಕಾಲವಾಗಿತ್ತೋ ಅವಳಿಗೇ ತಿಳಿಯದು.

ಮರುದಿನ ಬೆಳಗು ಹರಿಯುವುದರೊಳಗೆ ರೂಢಿಯಂತೆ ಎಚ್ಚರಾಯಿತು. ಎದ್ದು ಹೋಗಿ ಗೆರೆಯ ಆಚೆ ಕೈಕಟ್ಟಿ ನಿಂತಳು. ಓಣಿಯವರೆಲ್ಲ ತಮ್ಮ ತಮ್ಮ ಸೈಕಲ್ಲಿನ ಹತ್ತಿರ ನಿಂತಿದ್ದರು, ಯಾರೂ ಹತ್ತಲಿಲ್ಲ. ಮೊದಲು ಹತ್ತಿದವಳು ಖೈರೂನಬಿ. ಬಿಸ್ಮಿಲ್ಲಾ ಅಂದು ತುಳಿದಳು. ಅರ್ಧ ಸುತ್ತಿಗೆ ಗಾಲಿ ಗಕ್ಕನೆ ತಡೆಯಿತು. ಫಕೀರವ್ವ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿಗೆ ಗೂಳಪ್ಪ ಚೀಲ ಹಿಡಿದು ಒಬ್ಬನೇ ಮರಳಿ ಹೋಗುವುದು ಕಂಡಿತು. ಅಷ್ಟರಲ್ಲಿ ಟಿಕ್ಕೆಂದಿತು, ಮತ್ತೊಮ್ಮೆ ಟಿಕ್ಕೆಂದಿತು. ಹೊಸ ಬೀಗ ಕಲಿಯುವಾಗ ಮಾಡುವ ಸಪ್ಪಳ ಅದು. ಕಣ್ಣು ತೆರೆದರೆ ಖೈರೂನಬಿ ಬೇವಿನ ಗಿಡ ದಾಟಿ, ಇನ್ನೊಂದು ಸುತ್ತು, ಮತ್ತೊಂದು ಸುತ್ತು ಹಾಕುತ್ತಲೇ ಇದ್ದಳು. ಪಾಳಿಗೆ ತಡವಾಗುತ್ತದೆಂದು ಕೂಗಿ ಇಳಿಸಬೇಕಾಯಿತು.

ಆಮೇಲೆ ಸಾಲೇ ಇಲ್ಲ, ಸರದಿಯೇ ಇಲ್ಲ. ಒಬ್ಬ ಇತ್ತ, ಒಬ್ಬ ಅತ್ತ. ಒಬ್ಬನದು ಎದ್ದಿತು, ಒಬ್ಬನದು ಎರಡನೆಯ ಸುತ್ತಿಗೆ ಎದ್ದಿತು. ವರ್ಕ್‌ಶಾಪಿನ ಗಂಡಸರಲ್ಲಿ ಒಬ್ಬ ಅಭ್ಯಾಸ ಬಲದಿಂದ ಎಡಗಾಲು ತಡೆದೇ ತುಳಿದ, ಬೀಗ ಅದನ್ನೇ ಕಲಿತಿತು, ಇನ್ನು ಜೀವಮಾನವಿಡೀ ಅವನು ಹಾಗೆಯೇ ತುಳಿಯಬೇಕೆಂದು ಉಳಿದವರು ಕಾಡಿದರು. ಸುಂಕದ ಕಟ್ಟೆಯ ಪರದೆಯ ಮೇಲೆ ಹಗ್ಗದ ಓಣಿಯ ಚುಕ್ಕಿಗಳು ಆ ದಿನ ಹುರಿಗಡಲೆ ಚೆಲ್ಲಿದಂತೆ ಹಸಿರಾದವಂತೆ. ಗಡಿಯಾರ ಸರಿಯಾಯಿತು ನೋಡು ಎಂದು ಪಾಚ್ಛಾಪುರ ಸಾಹೇಬರು ಅಂದರಂತೆ.

ಗೂಳಪ್ಪ ಬೆಳಗಿನ ಬಸ್ಸಿಗೆ ಬಂದ. ಅವನು ಓಣಿಗೆ ಕಾಲಿಡುವಾಗ ಜನ ಕೆಲಸಕ್ಕೆ ಹೊರಟು ಆಗಿತ್ತು. ಬೀಳ್ಕೊಡಲು ರಜೆ ಹಾಕುತ್ತೇವೆ ಎಂದಿದ್ದವರನ್ನೆಲ್ಲ ಫಕೀರವ್ವನೇ ಗದರಿಸಿ ಕಳಿಸಿದ್ದಳು. ಖೈರೂನಬಿ ಮಾತ್ರ ತಿರುವಿನಲ್ಲಿ ಒಂದು ಕಾಲು ನೆಲಕ್ಕೂರಿ ಹಿಂದೆ ನೋಡಿ, ಗಂಟೆ ಬಾರಿಸಿ, ಹೋಗಿದ್ದಳು. ಬಿಳಿ ಗೆರೆಗಳ ನಡುವೆ ಒಂದೂ ಸೈಕಲ್ಲಿರಲಿಲ್ಲ. ಮಳೆ ತೊಳೆದ ಗೆರೆಗಳು ಹೊಸದಾಗಿ ಬಳಿದಂತೆ ಕಾಣುತ್ತಿದ್ದವು. ಅಷ್ಟು ದಿನ ಅಲ್ಲಿ ನಿಂತವಳಿಗೆ ಆ ಜಾಗ ಬರಿದಾಗಿ ಕಂಡದ್ದು ಅದೇ ಮೊದಲು. ಫಕೀರವ್ವ ಒಮ್ಮೆ ಆ ತುದಿಯಿಂದ ಈ ತುದಿಯ ತನಕ ಕಣ್ಣಾಡಿಸಿದಳು. ಮನೆಯ ಕೀಲಿಯನ್ನು ಯಮನೂರಪ್ಪಜ್ಜನ ಕೈಗೆ ಕೊಟ್ಟಳು. ಕೌದಿಯ ಗಂಟನ್ನು ಗೂಳಪ್ಪ ಹೆಗಲಿಗೇರಿಸಿಕೊಂಡ.

ಇಬ್ಬರೂ ಊರ ಹೊರಗಿನ ಬಸ್ ಸ್ಟ್ಯಾಂಡಿಗೆ ನಡೆದೇ ಹೋದರು. ಗೂಳಪ್ಪನ ಜೊತೆ ಫಕೀರವ್ವ ಹುಬ್ಬಳ್ಳಿ ಬಿಟ್ಟದ್ದು ಶ್ರಾವಣದ ಎರಡನೆಯ ಗುರುವಾರ.